ಎರಡು ಹಸು ಕಟ್ಟಿದವರಿಗೆ ಹವಾಮಾನದ ಮಾತು ಹೇಳುವುದು ಹೇಗೆ?

2003ರಲ್ಲಿ ನ್ಯೂಜಿಲೆಂಡ್ ಸರ್ಕಾರ ದನ, ಕುರಿ ಸಾಕುವವರ ಮೇಲೆ ಒಂದು ಸಣ್ಣ ತೆರಿಗೆ ಹಾಕಲು ಹೊರಟಿತು. ಜಾನುವಾರು ಬಿಡುವ ಮೀಥೇನ್ ಅನಿಲವನ್ನು ತಗ್ಗಿಸುವ ಸಂಶೋಧನೆಗೆ ಆ ದುಡ್ಡು ಅಂತ ಲೆಕ್ಕ. ರೈತರು ಕೆರಳಿದರು. ಅದಕ್ಕೆ 'ಹೂಸು ತೆರಿಗೆ' ಅಂತ ಹೆಸರಿಟ್ಟು ಗೇಲಿ ಮಾಡಿದರು. ಒಬ್ಬ ಸಂಸದರಂತೂ ಟ್ರ್ಯಾಕ್ಟರನ್ನೇ ಸಂಸತ್ತಿನ ಮೆಟ್ಟಿಲು ಹತ್ತಿಸಿಬಿಟ್ಟರು. ಸರ್ಕಾರ ತೆಪ್ಪಗೆ ತೆರಿಗೆ ಕೈಬಿಟ್ಟಿತು.

ಅಂದ ಹಾಗೆ, ಹಸುವಿನ ಮೀಥೇನ್ ಹೊರಬರುವುದು ಹಿಂದಿನಿಂದ ಅಲ್ಲ. ಹೆಚ್ಚುಕಡಿಮೆ ಪೂರ್ತಿ ಬಾಯಿಂದಲೇ, ತೇಗಿನ ಜೊತೆ ಬರುತ್ತದೆ.

ಆಗ ಬೀದಿಗಿಳಿದವರು ನೂರಾರು ಹಸುಗಳನ್ನು ಸಾಕುವವರು. ಸಾಲ ಸಿಗುವವರು, ಸಂಘಟನೆ ಇರುವವರು. ಜಗತ್ತಿನ ಹೈನುಗಾರರಲ್ಲಿ ಬಹುಪಾಲು ಜನ ಅವರ ಹಾಗಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ ಸುಮಾರು 15 ಕೋಟಿ ಕುಟುಂಬಗಳು ಹಾಲು ಉತ್ಪಾದನೆಯಲ್ಲಿ ತೊಡಗಿವೆ. ಇವರಲ್ಲಿ ಹೆಚ್ಚಿನವರ ಕೊಟ್ಟಿಗೆಯಲ್ಲಿ ಇರುವುದು ಎರಡೋ ಮೂರೋ ರಾಸು. ಇವರ ಮೇಲೆ ತೆರಿಗೆ ಹಾಕುವುದು ಆಗದ ಮಾತು. ಭಾಷಣ ಮಾಡಿದರೂ ಪ್ರಯೋಜನ ಇಲ್ಲ. ಹಾಗಿದ್ದರೂ ಹವಾಮಾನಕ್ಕೆ ಹಿತವಾದ ಹೈನುಗಾರಿಕೆ ಬೇಕು ಅಂದರೆ ಇವರನ್ನು ಬಿಟ್ಟು ಆಗುವುದಿಲ್ಲ. ಹಾಗಾದರೆ ಏನು ಮಾಡಬೇಕು?

ನನ್ನ ಉತ್ತರ ಇಷ್ಟು: ಸಣ್ಣ ಹೈನುಗಾರರಿಗೆ ಹವಾಮಾನವನ್ನು 'ಮಾರಲು' ಹೋಗಬಾರದು. ಹಾಲು, ಮೇವು, ದುಡಿಮೆ, ಕೈಗೆ ಕಾಸು ಬರುವ ಹೊತ್ತು, ಈ ನಾಲ್ಕರ ಲೆಕ್ಕ ಅವರ ಪರವಾಗಿ ಇದ್ದರೆ ಬದಲಾವಣೆ ತಾನಾಗಿ ಬರುತ್ತದೆ. ಇಲ್ಲದಿದ್ದರೆ ಎಷ್ಟು ತರಬೇತಿ ಕೊಟ್ಟರೂ ಅಷ್ಟೇ. ಇದು ಯಾಕೆ ಅಂತ ಅರ್ಥವಾಗಬೇಕಾದರೆ ಮೊದಲು ಹಸುವಿನ ಹೊಟ್ಟೆಯೊಳಗೆ ಇಣುಕಬೇಕು.

ಹೊಟ್ಟೆಯೊಳಗೆ ನಡೆಯುವುದು

ಹುಲ್ಲಿನ ನಾರು ನಮಗೆ ಜೀರ್ಣವಾಗುವುದಿಲ್ಲ. ನಿಜ ಹೇಳಬೇಕೆಂದರೆ ಹಸುವಿಗೂ ಆಗುವುದಿಲ್ಲ. ಆ ಕೆಲಸ ಮಾಡುವುದು ಅದರ ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ ಮನೆ ಮಾಡಿಕೊಂಡಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವು ನಾರನ್ನು ಒಡೆದು ಹಸುವಿಗೆ ಬೇಕಾದ ಆಮ್ಲಗಳನ್ನು ತಯಾರಿಸುತ್ತವೆ. ಈ ಕೆಲಸದಲ್ಲಿ ಹೈಡ್ರೋಜನ್ ಉಳಿದುಬಿಡುತ್ತದೆ. ಅದು ಅಲ್ಲೇ ತುಂಬಿಕೊಂಡರೆ ಜೀರ್ಣಕ್ರಿಯೆ ಕುಂಟುತ್ತದೆ. ಆಗ ಆರ್ಕಿಯಾ ಅನ್ನುವ ಇನ್ನೊಂದು ಗುಂಪಿನ ಜೀವಿಗಳು ಆ ಹೈಡ್ರೋಜನ್ನನ್ನು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡುತ್ತವೆ. ಹಸು ತೇಗುತ್ತದೆ, ಮೀಥೇನ್ ಗಾಳಿಗೆ ಸೇರುತ್ತದೆ.

ಹೀಗೆ ಗಾಳಿಗೆ ಹೋಗುವುದು ಬರೀ ಅನಿಲವಲ್ಲ. ತಿಂದ ಮೇವಿನ ಶಕ್ತಿಯಲ್ಲಿ ಸುಮಾರು ಶೇ 6ರಷ್ಟು ಅದರ ಜೊತೆ ಹೋಗುತ್ತದೆ. ಬಲಿತ, ಒರಟು ಒಣಹುಲ್ಲೇ ಜಾಸ್ತಿ ಇದ್ದರೆ ಈ ನಷ್ಟ ಏರುತ್ತದೆ. ಎಳೆಯ ಹಸಿಮೇವು, ದ್ವಿದಳ ಮೇವು, ಸ್ವಲ್ಪ ಹಿಂಡಿ ಸೇರಿದರೆ ಇಳಿಯುತ್ತದೆ.

ಮೀಥೇನ್ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳಲು ಕಾರಣವಿದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ ಸುಮಾರು 28 ಕೆಜಿ ಇಂಗಾಲದ ಡೈಆಕ್ಸೈಡ್‌ನಷ್ಟು ಬಿಸಿ ಹಿಡಿದಿಡುತ್ತದೆ. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ 80 ಪಟ್ಟು. ಆದರೆ ಅದರ ಆಯಸ್ಸು ಕಡಿಮೆ, ಸುಮಾರು 12 ವರ್ಷ. ಹಾಗಾಗಿ ಇವತ್ತು ಮೀಥೇನ್ ತಗ್ಗಿಸಿದರೆ ಅದರ ಫಲ ನಮ್ಮ ಕಾಲದಲ್ಲೇ ಕಾಣುತ್ತದೆ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ ಹಲವು ದೇಶಗಳು ಸೇರಿ 2030ರೊಳಗೆ ಮೀಥೇನ್ ಶೇ 30 ಇಳಿಸುವ ಪಣ ತೊಟ್ಟಿದ್ದು ಇದೇ ಕಾರಣಕ್ಕೆ.

ಕಡಿಮೆ ಹಾಲಿನ ಹಸುವೇ ಯಾಕೆ ದುಬಾರಿ?

ಇಲ್ಲಿ ಒಂದು ವಿಚಿತ್ರ ಇದೆ. ಸಣ್ಣ ರೈತರ ಹಸು ತಿನ್ನುವುದು ಕಡಿಮೆ. ಒಟ್ಟಾರೆ ಬಿಡುವ ಮೀಥೇನ್ ಕೂಡ ದೊಡ್ಡ ಫಾರ್ಮಿನ ಹಸುವಿಗಿಂತ ಕಡಿಮೆ. ಆದರೆ ಹಾಲಿನ ಲೆಕ್ಕಕ್ಕೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ. ಆಹಾರ ಮತ್ತು ಕೃಷಿ ಸಂಸ್ಥೆ 2015ರ ಹೈನುಗಾರಿಕೆಯ ಲೆಕ್ಕ ಹಾಕಿದಾಗ, ಒಂದು ಕೆಜಿ ಹಾಲಿಗೆ ಜಗತ್ತಿನ ಸರಾಸರಿ 2.5 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊರಬಿತ್ತು. ಶ್ರೀಮಂತ ದೇಶಗಳಲ್ಲಿ ಅದು 1.3ರ ಆಸುಪಾಸು. ಆಫ್ರಿಕಾ, ದಕ್ಷಿಣ ಏಷ್ಯಾದಂಥ ಕಡೆ 4ರಿಂದ 6.7ರವರೆಗೆ.

ಕಾರಣ ಸರಳ. ಹಸು ಹಾಲು ಕೊಡಲಿ ಬಿಡಲಿ, ಜೀವ ಹಿಡಿದುಕೊಳ್ಳಲು ಅದಕ್ಕೆ ಇಂತಿಷ್ಟು ಮೇವು ಬೇಕೇ ಬೇಕು. ಆ ಮೇವಿನಿಂದ ಮೀಥೇನ್ ಬಂದೇ ಬರುತ್ತದೆ. ಒಂದು ಉದಾಹರಣೆ ನೋಡೋಣ. ದಿನಕ್ಕೆ 4 ಲೀಟರ್‌ನಂತೆ ವರ್ಷದಲ್ಲಿ 300 ದಿನ ಹಾಲು ಕೊಡುವ ಹಸು ಕೊಡುವುದು 1,200 ಲೀಟರ್. ಅದು ವರ್ಷಕ್ಕೆ 60 ಕೆಜಿ ಮೀಥೇನ್ ಬಿಡುತ್ತದೆ ಅಂತ ಇಟ್ಟುಕೊಳ್ಳಿ. ಲೀಟರಿಗೆ 50 ಗ್ರಾಂ ಆಯಿತು. ಅದೇ ಹಸು ಒಳ್ಳೆಯ ಮೇವು ತಿಂದು 8 ಲೀಟರ್ ಕೊಟ್ಟರೆ ಮೀಥೇನ್ 75 ಕೆಜಿಗೆ ಏರಬಹುದು. ಆದರೆ ಹಾಲು 2,400 ಲೀಟರ್ ಆಗಿರುತ್ತದೆ. ಲೀಟರಿಗೆ 31 ಗ್ರಾಂ ಅಷ್ಟೇ.

ಇನ್ನು ಹಾಲೇ ಕೊಡದ ದಿನಗಳಿವೆ. ಕಡಸು ತಡವಾಗಿ ಗಬ್ಬ ಕಟ್ಟಿದರೆ, ಎರಡು ಕರುಗಳ ನಡುವೆ ಒಂದೂವರೆ ವರ್ಷ ಅಂತರ ಬಿದ್ದರೆ, ಕರು ಸತ್ತರೆ, ಕೆಚ್ಚಲು ಬಾವು ಬಂದು ಹಾಲು ಚೆಲ್ಲಬೇಕಾದರೆ, ಆ ದಿನಗಳ ಮೀಥೇನ್ ಎಲ್ಲ ಸಿಕ್ಕಿದ ಅಷ್ಟಿಷ್ಟು ಹಾಲಿನ ತಲೆಗೇ ಬೀಳುತ್ತದೆ.

ಇದನ್ನು ಓದಿ 'ಬಡ ರೈತರೇ ವಾತಾವರಣ ಕೆಡಿಸುತ್ತಿದ್ದಾರೆ' ಅಂತ ತೀರ್ಮಾನಿಸಿದರೆ ಅದು ದೊಡ್ಡ ಅನ್ಯಾಯ. ಅವರ ಹಸು ಬರೀ ಹಾಲಿನ ಯಂತ್ರವಲ್ಲ. ಗೊಬ್ಬರ ಕೊಡುತ್ತದೆ. ಕಷ್ಟಕಾಲಕ್ಕೆ ಮಾರಿದರೆ ಕೈಗೆ ದುಡ್ಡು ಬರುತ್ತದೆ. ಮನುಷ್ಯರು ತಿನ್ನಲಾಗದ ಬೆಳೆಯ ಉಳಿಕೆಯನ್ನು ತಿಂದು ಬದುಕುತ್ತದೆ. ಇಷ್ಟೆಲ್ಲ ಕೆಲಸದ ಭಾರವನ್ನು ಹಾಲೊಂದರ ಮೇಲೆ ಹೊರಿಸಿ ಲೆಕ್ಕ ಹಾಕುವುದು ಎಷ್ಟು ಸರಿ? ಅಷ್ಟೇ ಅಲ್ಲ, ಆ ಕುಟುಂಬ ವರ್ಷವಿಡೀ ಸುಡುವ ಪೆಟ್ರೋಲು, ಕರೆಂಟು ಎಷ್ಟು ಅಂತ ನೋಡಿದರೆ ನಾವು ನೀವು ನಾಚಿಕೊಳ್ಳಬೇಕು.

ಆದರೂ ಈ ಅಂಕಿಯಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಲೀಟರಿಗೆ ಮೀಥೇನ್ ಇಳಿಸುವ ದಾರಿಯೂ ರೈತರ ಆದಾಯ ಏರಿಸುವ ದಾರಿಯೂ ಬಹಳ ದೂರ ಒಟ್ಟಿಗೇ ಸಾಗುತ್ತವೆ.

ಮೊದಲು ನೀರು, ಆಮೇಲೆ ಮಿಕ್ಕಿದ್ದು

ಹವಾಮಾನ-ಸ್ನೇಹಿ ಹೈನುಗಾರಿಕೆ ಅಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಹೊಸ ಪುಡಿ, ಹೊಸ ಯಂತ್ರ. ನನಗೆ ಮಾತ್ರ ಮೊದಲು ನೆನಪಾಗುವುದು ನೀರಿನ ತೊಟ್ಟಿ.

ಕಟ್ಟಿ ಮೇಯಿಸುವ ಹಸುವಿಗೆ ಬಹಳಷ್ಟು ಕಡೆ ದಿನಕ್ಕೆ ಎರಡು ಸಲ ನೀರು. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್. ಹಾಲಿನಲ್ಲಿ ಶೇ 87ರಷ್ಟು ಇರುವುದೇ ನೀರು. ಒಂದು ಲೀಟರ್ ಹಾಲಿಗೆ ಸುಮಾರು 4ರಿಂದ 5 ಲೀಟರ್ ನೀರು ಬೇಕು. ಬಾಯಾರಿದ ಹಸು ಮೇವು ತಿನ್ನುವುದನ್ನೂ ಕಡಿಮೆ ಮಾಡುತ್ತದೆ. ಗೋದಲಿ ಪಕ್ಕದಲ್ಲಿ ಸದಾ ನೀರು ಇರುವ ಒಂದು ತೊಟ್ಟಿ ಇಟ್ಟರೆ, ಅದೇ ಹಸು, ಅದೇ ಮೇವು, ಆದರೆ ಹಾಲು ಏರುತ್ತದೆ. ಇದಕ್ಕೆ ವಿಜ್ಞಾನಿ ಬೇಡ. ಆದರೆ ನೀರು ಹೊತ್ತು ತರುವವರು ಯಾರು? ಬಹುತೇಕ ಮನೆಗಳಲ್ಲಿ ಹೆಂಗಸರು. ದೂರದಿಂದ ತರಬೇಕಾದರೆ ಈ 'ಸುಲಭ' ಸಲಹೆ ದಿನಕ್ಕೆ ಇನ್ನಷ್ಟು ಕೊಡಗಳ ದುಡಿಮೆ. ಈ ಮಾತು ಆಮೇಲೂ ಬರುತ್ತದೆ.

ಎರಡನೆಯದು ಬೆದೆ ಗುರುತಿಸುವುದು. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅದರ ಲಕ್ಷಣ ಕಾಣುವುದು ಒಂದು ದಿನಕ್ಕಿಂತಲೂ ಕಡಿಮೆ ಹೊತ್ತು, ಅದೂ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ. ಒಂದು ಸಲ ತಪ್ಪಿತೋ, ಮತ್ತೆ 21 ದಿನ ಸುಮ್ನೆ ಮೇವು ಹಾಕಬೇಕು. ಎರಡು ಸಲ ತಪ್ಪಿದರೆ ಒಂದೂವರೆ ತಿಂಗಳು. ಬೆದೆ ಕಂಡಾಗ ಕೃತಕ ಗರ್ಭಧಾರಣೆ ಮಾಡುವವರು ಅದೇ ದಿನ ಬರಬೇಕು. ಫೋನ್ ಮಾಡಿ ಕಾದು ಕಾದು ಮರುದಿನ ಬಂದರೆ ಅಷ್ಟೇ ಕತೆ. ಮೀಥೇನ್ ಲೆಕ್ಕದ ಯಾವ ವರದಿಯಲ್ಲೂ ಆ ಕೆಲಸಗಾರರ ಬೈಕಿಗೆ ಪೆಟ್ರೋಲ್ ಇದೆಯೋ ಇಲ್ಲವೋ ಅನ್ನುವ ಕಾಲಂ ಇರುವುದಿಲ್ಲ. ಇರಬೇಕಿತ್ತು.

ಮೂರನೆಯದು ಸಮತೋಲನ ಆಹಾರ. ಇದರಲ್ಲಿ ಭಾರತದ ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯ ಅನುಭವ ಗಮನಿಸುವಂಥದ್ದು. ರಾಷ್ಟ್ರೀಯ ಡೇರಿ ಯೋಜನೆಯ ಮೊದಲ ಹಂತದಲ್ಲಿ ಮಂಡಳಿ ಹಳ್ಳಿಯವರನ್ನೇ ಆರಿಸಿ ತರಬೇತಿ ಕೊಟ್ಟಿತು. ಅವರು ಮನೆಮನೆಗೆ ಹೋಗಿ, ಟೇಪು ಹಿಡಿದು ರಾಸಿನ ಎದೆಸುತ್ತು ಅಳೆದು ತೂಕ ಅಂದಾಜು ಮಾಡುತ್ತಿದ್ದರು. ಎಷ್ಟು ಹಾಲು, ಎಷ್ಟು ಕೊಬ್ಬು, ಮನೆಯಲ್ಲಿ ಯಾವ ಮೇವು ಇದೆ ಅಂತ ಕೇಳುತ್ತಿದ್ದರು. ಆಮೇಲೆ ಕಂಪ್ಯೂಟರ್ ತಂತ್ರಾಂಶ ಆ ರಾಸಿಗೆ ಆಗುವ, ಇರುವುದರಲ್ಲೇ ಕಡಿಮೆ ಖರ್ಚಿನ ಪಟ್ಟಿ ಕೊಡುತ್ತಿತ್ತು. ಎಷ್ಟೋ ಮನೆಗಳಲ್ಲಿ ಹಿಂಡಿ ಬೇಕಾದ್ದಕ್ಕಿಂತ ಜಾಸ್ತಿ, ಖನಿಜ ಮಿಶ್ರಣ ಸೊನ್ನೆ. ಸರಿಮಾಡಿದಾಗ ಮೇವಿನ ಖರ್ಚು ಇಳಿಯಿತು, ಹಾಲು ಸ್ವಲ್ಪ ಏರಿತು, ಲೀಟರಿಗೆ ಮೀಥೇನ್ ಕೂಡ ತಗ್ಗಿತು. ಮೀಥೇನ್ ಇಳಿದದ್ದು ರೈತರಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ಇನ್ನು ಮೇವಿಗೆ ಬೆರೆಸುವ ಪುಡಿಗಳ ವಿಷಯ. 3-ಎನ್‌ಒಪಿ ಅನ್ನುವ ರಾಸಾಯನಿಕ ದಿನಕ್ಕೆ ಕಾಲು ಚಮಚದಷ್ಟು ಕೊಟ್ಟರೆ ಹಾಲಿನ ಹಸುವಿನ ಮೀಥೇನ್ ಸುಮಾರು ಶೇ 30 ಇಳಿಯುತ್ತದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ, ಅಮೆರಿಕ 2024ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟವು. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಟ್ಯಾನಿನ್ (ಒಗರು ಕೊಡುವ ಅಂಶ) ಇರುವ ಗಿಡಮೂಲದ ವಸ್ತುಗಳಿಂದ 'ಹರಿತ್ ಧಾರಾ' ಅನ್ನುವ ಪುಡಿ ಮಾಡಿದೆ. ಅದು ಮೀಥೇನನ್ನು ಶೇ 17ರಿಂದ 20ರಷ್ಟು ತಗ್ಗಿಸುತ್ತದೆ ಅಂತ ಸಂಸ್ಥೆ ಹೇಳುತ್ತದೆ. ಕೆಂಪು ಕಡಲಪಾಚಿಯೊಂದು ಪ್ರಯೋಗಗಳಲ್ಲಿ ಇದಕ್ಕಿಂತ ಜಾಸ್ತಿ ಇಳಿಕೆ ತೋರಿಸಿದೆ. ವಿಜ್ಞಾನ ಚೆನ್ನಾಗಿದೆ. ಆದರೆ 3-ಎನ್‌ಒಪಿಯಂಥ ಪುಡಿಯಿಂದ ಮೀಥೇನ್ ಇಳಿದರೂ ಉಳಿದ ಶಕ್ತಿ ಅಷ್ಟೂ ಹಾಲಾಗಿ ಬರುವುದಿಲ್ಲ. ಆ ಪುಡಿ ಪ್ರತಿ ತುತ್ತಿನ ಜೊತೆ ಹೊಟ್ಟೆ ಸೇರಬೇಕು. ಹೊರಗೆ ಮೇಯಲು ಹೋಗುವ ಹಸುವಿಗೆ ಹಾಗೆ ಕೊಡುವುದು ಹೇಗೆ? ಹಾಲು ಏರದೆ ಖರ್ಚು ಮಾತ್ರ ಏರುವ ವಸ್ತುವನ್ನು ಎರಡು ಹಸುವಿನವರು ಯಾಕೆ ಕೊಳ್ಳಬೇಕು? ಬೇರೆಯವರು ದುಡ್ಡು ಕೊಟ್ಟರೆ ಮಾತ್ರ.

ಗೊತ್ತಿದ್ದೂ ಮಾಡದಿರುವುದು

ಒಣಹುಲ್ಲಿಗೆ ಯೂರಿಯಾ ಉಪಚಾರ ಮಾಡುವ ವಿಧಾನ ಇದೆ. ನೂರು ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಬೇಕು. ತುಳಿದು, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಇಡಬೇಕು. ಹುಲ್ಲು ಮೆತ್ತಗಾಗುತ್ತದೆ, ಪ್ರೋಟೀನ್ ಏರುತ್ತದೆ, ಜೀರ್ಣ ಸಲೀಸು. ಏಷ್ಯಾ, ಆಫ್ರಿಕಾದ ಹಳ್ಳಿಗಳಲ್ಲಿ ದಶಕಗಳಿಂದ ಇದರ ಪ್ರಾತ್ಯಕ್ಷಿಕೆ ನಡೆದಿದೆ. ಪ್ರಾತ್ಯಕ್ಷಿಕೆ ದಿನ ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ವರ್ಷ ಹೋಗಿ ನೋಡಿದರೆ ಮಾಡುವವರು ಬೆರಳೆಣಿಕೆ.

ಯಾಕೆ? ಹುಲ್ಲು ರಾಶಿ ಬೀಳುವುದು ಸುಗ್ಗಿಯಲ್ಲಿ. ಆಗಲೇ ಮನೆಯವರಿಗೆ ಉಸಿರಾಡಲೂ ಪುರಸೊತ್ತಿಲ್ಲ. ಪ್ಲಾಸ್ಟಿಕ್ ಹೊದಿಕೆ ಕೊಳ್ಳಬೇಕು. ನೀರು ಹೊರಬೇಕು. ಅಳತೆ ತಪ್ಪಿ ಯೂರಿಯಾ ಜಾಸ್ತಿ ಆದರೆ ರಾಸು ಸಾಯುತ್ತದೆ ಅನ್ನುವ ಭಯ ಬೇರೆ. ಆ ಭಯ ಸುಳ್ಳೂ ಅಲ್ಲ. ಇಷ್ಟೆಲ್ಲ ಮಾಡಿದರೆ ಸಿಗುವುದು ಒಂದಿಷ್ಟು ಹಾಲು. ಲೆಕ್ಕ ಹಾಕಿದ ರೈತರು 'ಬೇಡ' ಅಂದರು. ಇದನ್ನು 'ಅರಿವಿನ ಕೊರತೆ' ಅಂತ ಬರೆದುಕೊಂಡು ಬಂದವರು ಮತ್ತೆ ತರಬೇತಿ ಏರ್ಪಡಿಸಿದರು. ನಿಜಕ್ಕೂ ಕೊರತೆ ಇದ್ದದ್ದು ಆ ಲೆಕ್ಕವನ್ನು ಕೂತು ಕೇಳುವವರದ್ದು.

ಸಣ್ಣ ಹಿಡುವಳಿಯಲ್ಲಿ ತಪ್ಪಿಗೆ ಜಾಗವಿಲ್ಲ. ಇನ್ನೂರು ಹಸು ಇರುವವರು ಹತ್ತು ಹಸುವಿನ ಮೇಲೆ ಹೊಸ ಮೇವು ಪರೀಕ್ಷೆ ಮಾಡಬಹುದು. ಎರಡು ಹಸು ಇರುವವರಿಗೆ ಒಂದು ಹಸು ಅಂದರೆ ಅರ್ಧ ಸಂಸಾರ. ಮೇವಿನ ಬೆಳೆಗೆ ಜಾಗ ಕೊಟ್ಟರೆ ಊಟದ ಬೆಳೆಗೆ ಜಾಗ ಕಡಿಮೆ. ಗುತ್ತಿಗೆ ಭೂಮಿಯಲ್ಲಿ ವರ್ಷಗಟ್ಟಲೆ ನಿಲ್ಲುವ ಮೇವಿನ ಗಿಡ ಯಾರು ನೆಡುತ್ತಾರೆ? ಖರ್ಚು ಇವತ್ತು, ಲಾಭ ಮುಂದಿನ ಕರು ಹಾಕಿದ ಮೇಲೆ. ಈ ನಡುವಿನ ತಿಂಗಳುಗಳನ್ನು ದಾಟಿಸುವವರು ಯಾರೂ ಇಲ್ಲ.

ಮೇವು ತರುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಬಹಳ ಕಡೆ ಹೆಂಗಸರ ಕೆಲಸ. ತರಬೇತಿಗೆ ಹೋಗುವವರು ಗಂಡಸರು. ಹಾಲಿನ ದುಡ್ಡು ಬೀಳುವ ಖಾತೆಯೂ ಅವರದ್ದೇ. ಮೇವು ಕತ್ತರಿಸಿ ಹಾಕಿದರೆ ಪೋಲು ಕಡಿಮೆ ಅಂತ ಕೇಳಿಕೊಂಡು ಬಂದು ಮನೆಯಲ್ಲಿ ಹೇಳುತ್ತಾರೆ. ಕತ್ತರಿಸುವ ಕೈ ಬೇರೆಯವರದ್ದು, ಲಾಭದ ಜೇಬು ಇನ್ನೊಬ್ಬರದ್ದು. ಹೀಗಿದ್ದರೆ ಹೊಸ ಕೆಲಸ ಎರಡು ವಾರ ನಡೆದು ನಿಲ್ಲುತ್ತದೆ, ಅಲ್ವಾ? ತರಬೇತಿಯನ್ನು ಹಾಲು ಕರೆಯುವ ಹೊತ್ತು ಬಿಟ್ಟು, ಮನೆ ಹತ್ತಿರ, ಹೆಂಗಸರು ಬರುವ ಹೊತ್ತಿಗೆ ಇಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಎಲ್ಲಿ ಒಪ್ಪಿದರು, ಯಾಕೆ ಒಪ್ಪಿದರು

ಕೀನ್ಯಾದ ಮೆಕ್ಕೆಜೋಳದ ಹೊಲಗಳಲ್ಲಿ ಎರಡು ಕಾಟ. ಒಂದು ಕಾಂಡ ಕೊರೆಯುವ ಹುಳು, ಇನ್ನೊಂದು ಸ್ಟ್ರೈಗಾ ಅನ್ನುವ ಪರಾವಲಂಬಿ ಕಳೆ. 1990ರ ದಶಕದಲ್ಲಿ ನೈರೋಬಿಯ ಕೀಟ ಸಂಶೋಧನಾ ಕೇಂದ್ರ ಐಸಿಐಪಿಇ ಮತ್ತು ಬ್ರಿಟನ್ನಿನ ರೋಥಮ್‌ಸ್ಟೆಡ್ ಸಂಸ್ಥೆ ಸೇರಿ ಒಂದು ಉಪಾಯ ಕಂಡುಕೊಂಡವು. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಬಳ್ಳಿ, ಹೊಲದ ಅಂಚಿಗೆ ನೇಪಿಯರ್ ಹುಲ್ಲು. ಡೆಸ್ಮೋಡಿಯಂ ವಾಸನೆಗೆ ಆ ಹುಳುವಿನ ಮೊಟ್ಟೆ ಇಡುವ ಪತಂಗ ದೂರ ಓಡುತ್ತದೆ, ಅಂಚಿನ ನೇಪಿಯರ್ ಅದನ್ನು ತನ್ನತ್ತ ಸೆಳೆಯುತ್ತದೆ. ಡೆಸ್ಮೋಡಿಯಂ ಬೇರು ಸ್ಟ್ರೈಗಾವನ್ನೂ ಅಡಗಿಸುತ್ತದೆ. ಈ ಎರಡೂ ಗಿಡಗಳು ಹಸುವಿಗೆ ಒಳ್ಳೆಯ ಮೇವು. ಡೆಸ್ಮೋಡಿಯಂ ದ್ವಿದಳ ಆದ್ದರಿಂದ ಪ್ರೋಟೀನ್ ಜಾಸ್ತಿ, ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ. ರೈತರು ಇದನ್ನು ನೆಟ್ಟದ್ದು ಮೆಕ್ಕೆಜೋಳ ಉಳಿಸಿಕೊಳ್ಳಲು. ಹಾಲು ಏರಿದ್ದು ಬೋನಸ್. ಹವಾಮಾನದ ಲಾಭ ಮೂರನೆಯದು, ಯಾರೂ ಕೇಳದೇ ಸಿಕ್ಕಿದ್ದು.

ಪೂರ್ವ ಆಫ್ರಿಕಾದಲ್ಲಿ ಕ್ಯಾಲಿಯಾಂಡ್ರಾದಂಥ ಮೇವಿನ ಗಿಡಗಳು ಹಬ್ಬಿದ ರೀತಿಯೂ ಹೀಗೆಯೇ. ಒಂದು ಹಸುವಿಗೆ ವರ್ಷವಿಡೀ ದಿನಕ್ಕೆ 2 ಕೆಜಿ ಒಣಸೊಪ್ಪು ಸಿಗಬೇಕಾದರೆ ಸುಮಾರು 500 ಗಿಡ ಬೇಕು. ಕೇಳಲು ಜಾಸ್ತಿ ಅನ್ನಿಸುತ್ತದೆ. ಆದರೆ ಬೇಲಿ ಸಾಲು, ಬದು, ದಾರಿಯ ಅಂಚು ಸಾಕು. ಬೆಳೆಯ ಜಾಗ ಒಂದು ಗೇಣೂ ಹೋಗುವುದಿಲ್ಲ. ಕೊಳ್ಳುವ ಹಿಂಡಿಯ ಒಂದು ಪಾಲು ಉಳಿಯಿತು. ಆ ಭಾಗದಲ್ಲಿ ಸುಮಾರು 2 ಲಕ್ಷ ಸಣ್ಣ ರೈತರು ಇಂಥ ಗಿಡ ನೆಟ್ಟರು. ಅದೇ ಪ್ರದೇಶದ ಹೈನು ಯೋಜನೆಯೊಂದರಲ್ಲಿ ಸಂಬಳ ಇಲ್ಲದೆ ಊರಿನ ರೈತರೇ ರೈತರಿಗೆ ಕಲಿಸಿದರು. ಅವರ ಹೊಲವೇ ಪಾಠಶಾಲೆ. ಪಕ್ಕದ ಮನೆಯ ಹಸುವಿನ ಹಾಲು ಏರಿದ್ದನ್ನು ಕಣ್ಣಾರೆ ಕಂಡವರಿಗೆ ಬೇರೆ ಪುರಾವೆ ಬೇಕಿಲ್ಲ.

ಅಲ್ಲಿ ಇನ್ನೊಂದು ವ್ಯವಸ್ಥೆ ಇತ್ತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ಹಾಲು ಹಾಕುವ ಕೇಂದ್ರದಲ್ಲೇ ಹಿಂಡಿ, ಖನಿಜ ಮಿಶ್ರಣ, ಪಶುವೈದ್ಯರ ಸೇವೆ, ಗರ್ಭಧಾರಣೆ ಎಲ್ಲ ಸಾಲವಾಗಿ ಸಿಗುತ್ತದೆ. ತಿಂಗಳ ಕೊನೆಗೆ ಹಾಲಿನ ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಾರೆ. ಕೈಯಲ್ಲಿ ಕಾಸಿಲ್ಲ ಅನ್ನುವ ಕಾರಣಕ್ಕೆ ಬೆದೆ ತಪ್ಪುವುದಿಲ್ಲ. ಹಾಲಿಗೆ ಈ ಒಂದು ಅನುಕೂಲ ಇದೆ. ಬೇರೆ ಬೆಳೆಗೆ ದುಡ್ಡು ವರ್ಷಕ್ಕೊಮ್ಮೆ ಬಂದರೆ ಹಾಲಿಗೆ ಕಂತುಕಂತಾಗಿ ಬರುತ್ತದೆ. ಹಾಲು ಕೊಳ್ಳುವ ಸಂಘ ರೈತರನ್ನು ದಿನಾ ಕಾಣುತ್ತದೆ. ಹವಾಮಾನ ಯೋಜನೆ ಮಾಡುವವರು ಹೊಸ ಕಚೇರಿ ತೆರೆಯುವ ಬದಲು ಈ ಕಿಟಕಿಯನ್ನು ಬಳಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಸಗಣಿ ವಿಷಯಕ್ಕೆ ಬಂದರೆ ಸ್ವಲ್ಪ ಎಚ್ಚರ ಬೇಕು. ಸಗಣಿಯನ್ನು ನೀರಿನ ಜೊತೆ ಗುಂಡಿಯಲ್ಲಿ ನಿಲ್ಲಿಸಿದರೆ ಗಾಳಿಯಾಡದೆ ಮೀಥೇನ್ ಜಾಸ್ತಿ ಬರುತ್ತದೆ. ಇದು ದೊಡ್ಡ ಫಾರ್ಮುಗಳ ಸಮಸ್ಯೆ. ಸಣ್ಣ ರೈತರ ತಿಪ್ಪೆ ಬಹುಪಾಲು ಒಣ ತಿಪ್ಪೆ. ಅದರಿಂದ ಮೀಥೇನ್ ಕಡಿಮೆ, ಆದರೆ ಗಂಜಲ ಸೇರಿದ ತಿಪ್ಪೆಯಿಂದ ನೈಟ್ರಸ್ ಆಕ್ಸೈಡ್ ಹೋಗುತ್ತದೆ. ಅದು ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಲಶಾಲಿ. ತಿಪ್ಪೆಗೆ ನೆರಳು, ಮಳೆ ಬೀಳದಂತೆ ಒಂದು ಹೊದಿಕೆ, ಇಷ್ಟು ಮಾಡಿದರೂ ಗೊಬ್ಬರದ ಸಾರ ಉಳಿಯುತ್ತದೆ. ಬಯೋಗ್ಯಾಸ್‌ನ ನಿಜವಾದ ಲಾಭ ಇಲ್ಲಿ ಸೌದೆ ಉಳಿಯುವುದು, ಹೊಗೆ ಇಲ್ಲದ ಅಡುಗೆಮನೆ, ಮತ್ತು ಹೊಲಕ್ಕೆ ಬಗ್ಗಡ. ದಿನಕ್ಕೆ ಎರಡು ಘನ ಮೀಟರ್ ಗ್ಯಾಸ್ ಕೊಡುವ ಸ್ಥಾವರಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಮೂರು ನಾಲ್ಕು ರಾಸಿದ್ದರೆ ಸರಿ. ಒಂದೇ ಹಸುವಿನವರಿಗೆ ಇದನ್ನು ಅಂಟಿಸುವುದು ಸರಿಯಲ್ಲ. ಬಿರುಕು ಬಿಟ್ಟು ಸೋರುವ ಸ್ಥಾವರವಂತೂ ಇಲ್ಲದ ಮೀಥೇನನ್ನು ತಯಾರಿಸಿ ಗಾಳಿಗೆ ಬಿಡುವ ಯಂತ್ರ.

ಸಬ್ಸಿಡಿಗೆ ಕಟ್ಟಿಸಿ ಪಾಳು ಬಿದ್ದ ಸ್ಥಾವರಗಳು ಎಷ್ಟೋ ದೇಶಗಳಲ್ಲಿ ಇವೆ. ನೇಪಾಳ ಇದಕ್ಕೆ ಒಂದು ದಾರಿ ಕಂಡುಕೊಂಡಿತು. 1992ರಲ್ಲಿ ಶುರುವಾದ ಅಲ್ಲಿನ ಬಯೋಗ್ಯಾಸ್ ಕಾರ್ಯಕ್ರಮದಲ್ಲಿ ವಿನ್ಯಾಸ ಒಂದೇ ಮಾದರಿಯದು. ಕಟ್ಟಿದ ಕಂಪನಿ ಆಮೇಲೂ ಬಂದು ನೋಡಿಕೊಳ್ಳುವ ಹೊಣೆ ಹೊರಬೇಕು. ಅಲ್ಲಲ್ಲಿ ಪರೀಕ್ಷೆ ಮಾಡಿ, ಕೆಲಸ ಕೆಟ್ಟಿದ್ದರೆ ಕಂಪನಿಗೆ ದಂಡ. ಕಟ್ಟಿದವುಗಳಲ್ಲಿ ಬಹುಪಾಲು ನಡೆಯುತ್ತಾ ಉಳಿದವು. ಗುಜರಾತಿನ ಆನಂದ್ ಜಿಲ್ಲೆಯ ಝಕಾರಿಯಾಪುರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮನೆಮನೆಯ ಬಯೋಗ್ಯಾಸ್‌ನಿಂದ ಹೊರಬರುವ ಬಗ್ಗಡವನ್ನು ಹೆಂಗಸರದೇ ಸಹಕಾರ ಸಂಘ ಕೊಂಡು ಗೊಬ್ಬರವಾಗಿ ಮಾರುತ್ತದೆ. ಸಗಣಿ ಬಾಚುವ ಕೈಗೇ ದುಡ್ಡು ಬಂದರೆ ಸ್ಥಾವರ ಪಾಳು ಬೀಳಲು ಬಿಡುತ್ತಾರೆಯೇ?

ಒಟ್ಟು ಲೆಕ್ಕ ಮತ್ತು ಇಂಗಾಲದ ದುಡ್ಡು

ಇಷ್ಟರವರೆಗೆ ಲೀಟರಿನ ಲೆಕ್ಕದಲ್ಲೇ ಮಾತಾಡಿದೆ. ವಾತಾವರಣಕ್ಕೆ ಲೀಟರು ಗೊತ್ತಿಲ್ಲ, ಒಟ್ಟು ಟನ್ನು ಮಾತ್ರ ಗೊತ್ತು. 2005ರಿಂದ 2015ರ ನಡುವೆ ಜಗತ್ತಿನಲ್ಲಿ ಲೀಟರಿನ ಲೆಕ್ಕ ಶೇ 11ರಷ್ಟು ಸುಧಾರಿಸಿತು. ಆದರೆ ಹಾಲು ಶೇ 30 ಏರಿತು. ಹಾಗಾಗಿ ಹೈನುಗಾರಿಕೆಯ ಒಟ್ಟು ಹೊರಸೂಸುವಿಕೆ ಶೇ 18 ಜಾಸ್ತಿಯಾಯಿತು. ಹಾಲಿನಲ್ಲಿ ಲಾಭ ಕಂಡವರು ಇನ್ನೊಂದು ಹಸು ಕಟ್ಟುವುದು ಸಹಜ. ಬಡ ದೇಶಗಳ ಮಕ್ಕಳಿಗೆ ಇನ್ನೂ ಹಾಲು ಬೇಕಿದೆ, ಅದನ್ನು ತಪ್ಪು ಅನ್ನಲಾಗದು. ಆದರೆ 'ಹಾಲು ಏರಿತು, ಹವಾಮಾನ ಉಳಿಯಿತು' ಅಂತ ಯಾವುದಾದರೂ ಯೋಜನೆ ಬೆನ್ನು ತಟ್ಟಿಕೊಂಡರೆ, ಊರಿನ ಒಟ್ಟು ರಾಸು ಎಷ್ಟಾಯಿತು ಅಂತ ಕೇಳಲೇಬೇಕು. ಎರಡು ಬಡಕಲು ಹಸುವಿನ ಬದಲು ಒಂದು ಚೆನ್ನಾದ ಹಸು ಅನ್ನುವ ಮಾತು ಕಾಗದದ ಮೇಲೆ ಸುಲಭ. ಆ ಒಂದು ಹಸು ಸತ್ತರೆ ಗತಿ ಏನು? ನಂಬುವಂಥ ಜಾನುವಾರು ವಿಮೆ, ತುರ್ತಿಗೆ ಸಿಗುವ ವೈದ್ಯರು ಇರುವ ಕಡೆ ಮಾತ್ರ ರೈತರು ರಾಸು ಕಡಿಮೆ ಮಾಡಲು ಧೈರ್ಯ ಮಾಡುತ್ತಾರೆ.

ಡೆನ್ಮಾರ್ಕ್ 2030ರಿಂದ ಜಾನುವಾರುಗಳ ಹೊರಸೂಸುವಿಕೆಗೆ ತೆರಿಗೆ ಹಾಕಲು ತೀರ್ಮಾನಿಸಿದೆ. ಸಣ್ಣ ರೈತರ ದೇಶಗಳಲ್ಲಿ ಮಾತು ಇದಕ್ಕೆ ಉಲ್ಟಾ. ತೆರಿಗೆ ಬದಲು ಕಾರ್ಬನ್ ಕ್ರೆಡಿಟ್ ಮೂಲಕ, ಅಂದರೆ ತಗ್ಗಿಸಿದ ಅನಿಲವನ್ನು ಟನ್ನಿನ ಲೆಕ್ಕದಲ್ಲಿ ಬೇರೆಯವರಿಗೆ ಮಾರಿ, ರೈತರಿಗೇ ದುಡ್ಡು ಕೊಡೋಣ ಅನ್ನುತ್ತಾರೆ. ಕೇಳಲು ಹಿತವಾಗಿದೆ. ಲೆಕ್ಕ ಹಾಕಿ ನೋಡೋಣ.

ಒಂದು ಹಸು ವರ್ಷಕ್ಕೆ 60 ಕೆಜಿ ಮೀಥೇನ್ ಬಿಟ್ಟರೆ ಅದು 1,680 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅದರಲ್ಲಿ ಶೇ 20 ಇಳಿಸಿದರೆ ತಗ್ಗಿದ್ದು 336 ಕೆಜಿ. ಮೂರು ಹಸು ಸೇರಿ ವರ್ಷಕ್ಕೆ ಒಂದು ಟನ್. ಟನ್ನಿಗೆ 10 ಡಾಲರ್ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಮೂರು ಹಸು ಸಾಕುವ ಕುಟುಂಬಕ್ಕೆ ವರ್ಷವಿಡೀ ದುಡಿದದ್ದಕ್ಕೆ 10 ಡಾಲರ್. ಅದರಲ್ಲೂ ಅಳೆಯುವವರು, ಪರಿಶೀಲಿಸುವವರು, ನೋಂದಣಿ ಮಾಡುವವರು, ಮಧ್ಯವರ್ತಿ ತಮ್ಮ ಪಾಲು ತೆಗೆದ ಮೇಲೆ ಉಳಿಯುವುದು ಎಷ್ಟೋ. ಪ್ರತಿ ಹಸುವಿನ ತೇಗು ಅಳೆಯಲು ಆಗುವುದಿಲ್ಲ. ಹಾಗಾಗಿ ಕೀನ್ಯಾದ ಸಣ್ಣ ಹೈನುಗಾರರನ್ನು ಗಮನದಲ್ಲಿಟ್ಟು 2016ರಲ್ಲಿ, ಇಂಥ ಕ್ರೆಡಿಟ್‌ಗಳಿಗೆ ಮಾನದಂಡ ಹಾಕುವ ಗೋಲ್ಡ್ ಸ್ಟ್ಯಾಂಡರ್ಡ್ ಸಂಸ್ಥೆ ಒಪ್ಪಿದ ವಿಧಾನದಲ್ಲಿ ಹಾಲಿನ ಇಳುವರಿ ಏರಿದ್ದನ್ನೇ ಆಧಾರವಾಗಿಟ್ಟುಕೊಂಡು ಮೀಥೇನ್ ಅಂದಾಜು ಮಾಡುತ್ತಾರೆ. ಒಳ್ಳೆಯ ಉಪಾಯ, ಖರ್ಚು ಇಳಿಯುತ್ತದೆ. ಆದರೂ ಮೂರು ಹಸುವಿಗೆ 10 ಡಾಲರ್ ಇದ್ದದ್ದು ನೂರು ಆಗುವುದಿಲ್ಲ.

ಈ ದುಡ್ಡನ್ನು ಮನೆಮನೆಗೆ ಹಂಚಿದರೆ ಯಾರಿಗೂ ಏನೂ ಆಗದು. ಸಂಘದ ಮಟ್ಟದಲ್ಲಿ ಒಟ್ಟು ಮಾಡಿದರೆ ಬೇರೆ ಕತೆ. ಮುನ್ನೂರು ಹಸುಗಳ ಒಂದು ಹಾಲಿನ ಸಂಘಕ್ಕೆ ಅದೇ ಲೆಕ್ಕದಲ್ಲಿ ವರ್ಷಕ್ಕೆ ಸಾವಿರ ಡಾಲರ್‌ನಷ್ಟು ಬರುತ್ತದೆ. ಅದರಲ್ಲಿ ಟೇಪು ಹಿಡಿದು ಮನೆಮನೆ ಸುತ್ತುವವರ ಗೌರವಧನ, ಬೆದೆಗೆ ಬಂದ ಹಸುವಿನ ಬಳಿ ಅದೇ ದಿನ ತಲುಪುವ ಬೈಕಿನ ಪೆಟ್ರೋಲು, ಕೆಚ್ಚಲು ಬಾವು ಪರೀಕ್ಷೆಯ ದ್ರಾವಣದ ಡಬ್ಬಿ, ಇಷ್ಟಕ್ಕಾದರೂ ಆದೀತು. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಸಂಘದವರು ಎರಡು ಪ್ರಶ್ನೆ ಕೇಳಬೇಕು. ಖರ್ಚೆಲ್ಲ ಕಳೆದು ಟನ್ನಿಗೆ ನಮ್ಮ ಕೈಗೆ ಬರುವುದೆಷ್ಟು? ಬರಗಾಲ ಬಂದು ಹಾಲು ಬಿದ್ದುಹೋದ ವರ್ಷ ನಷ್ಟ ಯಾರ ತಲೆಗೆ? ಎರಡನೆಯ ಪ್ರಶ್ನೆಗೆ 'ರೈತರ ತಲೆಗೆ' ಅಂತ ಉತ್ತರ ಬಂದರೆ ಸಹಿ ಹಾಕದೆ ಎದ್ದು ಬರುವುದೇ ಒಳ್ಳೆಯದು.